ಕಪ್ಪುರಂಧ್ರದ ಸದ್ದನ್ನು ನಾಸಾ ರೆಕಾರ್ಡ್ ಮಾಡಿದೆಯೇ?

ಯಾರೋ ಆಳದಿಂದ ನರಳಿದಂತೆ ಕೇಳುವ ಆಡಿಯೊವೊಂದು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. “ಕಪ್ಪುರಂಧ್ರದ ಸದ್ದನ್ನು ನಾಸಾ ರೆಕಾರ್ಡ್ ಮಾಡಿದೆ” ಎಂಬ ಒಕ್ಕಣೆ ಅದರ ಜೊತೆಗಿರುತ್ತದೆ. “ಗಾಳಿಯೇ ಇಲ್ಲದ ಕಡೆ ಸದ್ದೆಲ್ಲಿ? ಎಲ್ಲ ಸುಳ್ಳು” ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ಹೇಗೆಂದು ನೋಡೋಣ.

ಸದ್ದು ಎಲ್ಲಿಯದು?

ನಮ್ಮಿಂದ ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಪರ್ಸಿಯಸ್ ಎಂಬ ಗ್ಯಾಲಕ್ಸಿಗಳ ಗುಂಪಿದೆ. ಅದರ ನಡುವಿನ ಎನ್‌ಜಿಸಿ 1275 ಒಂದು ‘ಸಕ್ರಿಯ ಗ್ಯಾಲಕ್ಸಿ’. ಅಂದರೆ, ಅದರ ಕೇಂದ್ರದಲ್ಲಿರುವ ಬೃಹತ್ ಕಪ್ಪುರಂಧ್ರದತ್ತ ಅನಿಲ ಸುತ್ತುತ್ತಾ ಬೀಳುತ್ತಿದೆ, ಬೀಳುವಾಗ ವಿಪರೀತ ಕಾಯ್ದು ಬೆಳಗುತ್ತಿದೆ. ಆದರೆ ಎಲ್ಲವೂ ಒಳಗೆ ಹೋಗುವುದಿಲ್ಲ. ಒಂದಿಷ್ಟು ದ್ರವ್ಯ ಎರಡು ದಿಕ್ಕಿಗೆ ಭಾರಿ ವೇಗದಲ್ಲಿ ಚಿಮ್ಮುತ್ತದೆ.

ಈ ಗ್ಯಾಲಕ್ಸಿಗಳ ನಡುವಿನ ಜಾಗ ಪೂರ್ತಿ ಖಾಲಿಯೂ ಅಲ್ಲ. ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳು ಅನಿಲ ತುಂಬಿದೆ. ಚಿಮ್ಮಿದ ದ್ರವ್ಯ ಅದನ್ನು ತಳ್ಳಿದಾಗ ಒತ್ತಡದ ಅಲೆಗಳು ಏಳುತ್ತವೆ. ಒತ್ತಡದ ಅಲೆ ಎಂದರೆ ಸದ್ದೇ ತಾನೆ?

ಕೇಳಿದ್ದಲ್ಲ, ಕಂಡದ್ದು

ಅಷ್ಟು ಬಿಸಿಯಾದ ಅನಿಲ ಎಕ್ಸ್-ರೇ ಸೂಸುತ್ತದೆ. ಭೂಮಿಯ ವಾತಾವರಣ ಎಕ್ಸ್-ರೇಯನ್ನು ಹೀರಿಕೊಳ್ಳುವುದರಿಂದ ದೂರದರ್ಶಕವನ್ನು ಬಾಹ್ಯಾಕಾಶಕ್ಕೇ ಕಳಿಸಬೇಕು. ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ನಾಸಾದ ‘ಚಂದ್ರ’ 1999ರಲ್ಲಿ ಹಾರಿದ್ದು ಇದಕ್ಕಾಗಿಯೇ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಕೂಡ ಎಕ್ಸ್-ರೇ ಉಪಕರಣಗಳನ್ನು ಹೊತ್ತೊಯ್ದಿದೆ. ಆಸ್ಪತ್ರೆಯ ಯಂತ್ರ ನಮ್ಮ ಮೈಮೇಲೆ ಎಕ್ಸ್-ರೇ ಹಾಯಿಸುತ್ತದೆ. ಇವು ಹಾಗಲ್ಲ, ಆಕಾಶದಿಂದ ಬರುವುದನ್ನು ಹಿಡಿಯುತ್ತವೆ ಅಷ್ಟೆ.

ಅನಿಲ ಒತ್ತಾಗಿರುವಲ್ಲಿ ಎಕ್ಸ್-ರೇ ಹೆಚ್ಚು, ತೆಳುವಾಗಿರುವಲ್ಲಿ ಕಡಿಮೆ. ಚಂದ್ರ ತೆಗೆದ ಪರ್ಸಿಯಸ್ ಚಿತ್ರದಲ್ಲಿ ಕೆರೆಗೆ ಕಲ್ಲು ಎಸೆದಾಗ ಏಳುವಂಥ ಉಂಗುರಗಳು ಕಂಡವು. 2003ರಲ್ಲಿ ವಿಜ್ಞಾನಿಗಳು ಅವು ಸದ್ದಿನ ಅಲೆಗಳೆಂದು ಪ್ರಕಟಿಸಿದರು. ಅಲ್ಲಿ ಮೈಕ್ ಇರಲಿಲ್ಲ, ಇದ್ದದ್ದು ಚಿತ್ರ ಮಾತ್ರ.

ಹಾಗಾದರೆ ಆಡಿಯೊ?

ಆ ಸದ್ದಿನ ಒಂದು ಕಂಪನಕ್ಕೆ ಸುಮಾರು 1 ಕೋಟಿ ವರ್ಷ ಬೇಕು. ಯಾವ ಕಿವಿಗೂ ಅದು ಕೇಳದು. ಸಂಗೀತದಲ್ಲಿ ಮಂದ್ರದಿಂದ ಮಧ್ಯ ಸ್ಥಾಯಿಗೆ ಏರಿದರೆ ಕಂಪನ ಇಮ್ಮಡಿಯಾಗುತ್ತದಲ್ಲವೇ? 2022ರಲ್ಲಿ ನಾಸಾ ಆ ಅಲೆಗಳನ್ನು 57 ಮತ್ತು 58 ಸ್ಥಾಯಿ ಮೇಲಕ್ಕೇರಿಸಿ ನಮ್ಮ ಕಿವಿಗೆ ಹೊಂದಿಸಿತು. 57 ಸ್ಥಾಯಿ ಎಂದರೆ ಸುಮಾರು 1,440 ಕೋಟಿ ಕೋಟಿ ಪಟ್ಟು! ಹೀಗೆ ಮಾಡಿದ್ದೇವೆಂದು ನಾಸಾ ಅಂದೇ ಹೇಳಿತ್ತು. ಫಾರ್ವರ್ಡ್‌ಗಳಲ್ಲಿ ಕಳಚಿಹೋದದ್ದು ಆ ಮಾತೇ.

ಇದರಿಂದ ತಿಳಿದದ್ದೇನು?

ಎಕ್ಸ್-ರೇ ಸೂಸುತ್ತಾ ಆ ಅನಿಲ ತಣಿಯಬೇಕಿತ್ತು, ತಣಿದು ರಾಶಿ ರಾಶಿ ಹೊಸ ನಕ್ಷತ್ರಗಳಾಗಬೇಕಿತ್ತು. ಆದರೆ ಅಲ್ಲಿ ಹುಟ್ಟುತ್ತಿರುವ ನಕ್ಷತ್ರಗಳು ನಿರೀಕ್ಷೆಗಿಂತ ಬಹಳ ಕಡಿಮೆ. ಕಪ್ಪುರಂಧ್ರದ ಸುತ್ತಲಿಂದ ಹೊಮ್ಮುವ ಶಕ್ತಿಯೇ ಅನಿಲವನ್ನು ಬಿಸಿಯಾಗಿ ಇಡುತ್ತಿದೆ ಎಂಬುದು ವಿಜ್ಞಾನಿಗಳ ವಿವರಣೆ. ಅದರಲ್ಲಿ ಈ ಅಲೆಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಎಲ್ಲವನ್ನೂ ನುಂಗುತ್ತದೆ ಎಂದು ನಾವು ಹೆದರುವ ಕಪ್ಪುರಂಧ್ರ, ತನ್ನ ಗ್ಯಾಲಕ್ಸಿ ಎಷ್ಟು ಬೆಳೆಯಬೇಕು ಎಂಬುದನ್ನೂ ನಿಯಂತ್ರಿಸುತ್ತಿರಬಹುದು.

ನಮ್ಮ ತೀರ್ಮಾನ: ಅಲೆಗಳು ನಿಜ, ‘ನೇರ ರೆಕಾರ್ಡಿಂಗ್’ ಎಂಬುದು ಸುಳ್ಳು. ಆಡಿಯೊ ಹಂಚುವುದಿದ್ದರೆ “ಎಕ್ಸ್-ರೇ ಚಿತ್ರದಿಂದ ಮಾಡಿದ ಸದ್ದು” ಎಂಬ ಸಾಲನ್ನೂ ಸೇರಿಸಿ ಕಳಿಸಿ.