ಹುಟ್ಟೂರಿಲ್ಲದ ಪಿಸ್ತೂಲು

1998ರಲ್ಲಿ ಬಂದ ರಾಮ್‌ಗೋಪಾಲ್ ವರ್ಮಾರ ಹಿಂದಿ ಚಿತ್ರ ‘ಸತ್ಯ’ವನ್ನು ಇವತ್ತಿಗೂ ಅಪ್ಪಟ ವಾಸ್ತವ ಅಂತ ಕೊಂಡಾಡುವವರೇ, ಯಾವ ವಾಸ್ತವ ಸ್ವಾಮಿ ಅದು? ದೊಡ್ಡ ತಾರೆಯರಿಲ್ಲ, ಸೆಟ್ಟಿನ ಥಳುಕಿಲ್ಲ, ಕಡಿಮೆ ದುಡ್ಡು. ಚಾಳು, ಮಳೆ, ಕೊಚ್ಚೆ, ಬೆವರು ಎಲ್ಲ ಇದೆ. ಭೀಕು ಮ್ಹಾತ್ರೆಯಾದ ಮನೋಜ್ ಬಾಜಪೇಯಿ ಹೆಂಡತಿ ಹತ್ರ ಬೈಸಿಕೊಳ್ಳೋದು ನೋಡಿದ್ರೆ ನಮ್ಮ ಕೇರಿಯವನೇ ಅನ್ನಿಸ್ತಾನೆ. ಒಪ್ಪಿದೆ. ಆದರೆ ಸತ್ಯ ಯಾರು? ಊರಿಲ್ಲ, ಅಪ್ಪ ಅವ್ವ ಇಲ್ಲ, ಜಾತಿಯಿಲ್ಲ. ಮುಂಬೈಗೆ ಬಂದಿಳಿದ, ಪಿಸ್ತೂಲು ಹಿಡಿದ.

ಹಾಗೆ ಯಾರೂ ಬರಲ್ಲ. ಅಲ್ಲಿನ ಗಿರಣಿಗಳಲ್ಲಿ ನೂಲಿಗೂ ಜಾತಿಯಿತ್ತು. ಕಡಿದ ಎಳೆಗೆ ಎಂಜಲು ತಾಕುತ್ತದೆಂದು ದಲಿತರನ್ನು ನೇಯ್ಗೆ ಖಾತೆಯಿಂದ ಹೊರಗಿಟ್ಟಿದ್ದರು. 1928ರ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಇದನ್ನೆತ್ತಿ ಕೇಳಿದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗೆಲ್ಲಲಿಲ್ಲ. ಗಿರಣಿಗಳು ಮುಚ್ಚಿದವು, ಚಾಳುಗಳಲ್ಲಿ ಒಲೆ ಆರಿತು, ಆ ಮನೆಗಳ ಕೆಲವು ಹುಡುಗರನ್ನು ಗ್ಯಾಂಗುಗಳು ಕರೆದುಕೊಂಡವು. ಗಿರಣಿಯ ನೆಲಕ್ಕೆ ಮಾತ್ರ ಚಿನ್ನದ ಬೆಲೆ ಬಂತು. 1997ರ ಜನವರಿ 16ರಂದು ಸಾಮಂತರನ್ನೇ ಗುಂಡಿಕ್ಕಿ ಕೊಂದರು.

ಮರುವರ್ಷವೇ ತೆರೆಗೆ ಬಂದ ಈ ಚಿತ್ರದಲ್ಲಿ ಬಿಲ್ಡರ್ ಸಾಯ್ತಾನೆ, ಪೊಲೀಸ್ ಕಮಿಷನರ್ ಸಾಯ್ತಾನೆ. ಗಿರಣಿ ಕಾರ್ಮಿಕ ಎಲ್ಲಿ? ಸಾಯೋಕಾದರೂ ಅವನಿಗೊಂದು ಸೀನು ಬೇಡವೇ? ಕೊಲೆಗಾರನ ಬೆವರಿನ ತನಕ ಹೋದ ಕ್ಯಾಮೆರಾ, ಗುಂಡು ಹಾರಿದ ಮೇಲೆ ಜಾಗ ಯಾರ ಪಾಲಾಯ್ತು ಅಂತ ಕೇಳಲೇ ಇಲ್ಲ. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲು ಈಗ ಮಾಲು. ಅಂಡರ್‌ವರ್ಲ್ಡ್ ಸಿನಿಮಾಕ್ಕೆ ಅಲ್ಲೂ ಟಿಕೆಟ್ಟು ಸಿಗುತ್ತದೆ.