ಕರಿಯನಿಗೊಂದು ಸೂಜಿ

ಕೊಂಡ್ಲಹಳ್ಳಿಯ ನನ್ನ ತವರಿನಲ್ಲಿ ಹಿತ್ತಿಲ ಬಾಗಿಲಿಗೆ ಅಡ್ಡ ಮಲಗುವ ನಾಯಿಯ ಹೆಸರು ಕರಿಯ. ಹೋದ ವರ್ಷ ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸೋಣ ಎಂದೆ. ಮನೆಯಲ್ಲಿ ಪಂಚಾಯಿತಿಯೇ ಸೇರಿತು. "ಸೂಜಿ ಹಾಕಿಸಿದ್ರೆ ನಾಯಿ ಮಂಕಾಗ್ತೈತೆ ಕಣೇ, ಆಮ್ಯಾಲೆ ಕುರಿಹಟ್ಟಿ ಕಾಯೋರ್ಯಾರು?" ಎಂದರು ದೊಡ್ಡಮ್ಮ. "ಮನುಷ್ಯರಿಗೇ ದುಡ್ಡಿಲ್ಲ, ನಾಯಿಗೆ ಬೇರೆ ಕೇಡು" ಎಂದ ಅಣ್ಣ.

ದೊಡ್ಡಮ್ಮನ ಭಯಕ್ಕೆ ನಾನು ನಗಲಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದುದನ್ನು ಕಂಡವರು ಅವರು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯಿಂದ ಕೆಲವರ ಕೈಕಾಲು ಬಿದ್ದುಹೋದದ್ದೂ ನಿಜ. ಆದರೆ ಅದು ನಾಯಿ ಕಚ್ಚಿದ ಮನುಷ್ಯರಿಗೆ ಕೊಡುತ್ತಿದ್ದದ್ದು. ನಮ್ಮ ದೇಶದಲ್ಲಿ 2004ರ ಹೊತ್ತಿಗೆ ಅದು ನಿಂತೇಹೋಯಿತು. ಆ ಹಳೆಯ ಹೆದರಿಕೆಯನ್ನು ಇಂದು ಕರಿಯನ ಮೇಲೆ ಹೇರುವುದು ಯಾವ ನ್ಯಾಯ?

ಈಗ ನಾಯಿಗೆ ಹಾಕುವ ಲಸಿಕೆಯಲ್ಲಿರುವುದು ಸತ್ತ ವೈರಸ್ಸು. ಅದರಿಂದ ರೋಗ ಬರುವುದಿಲ್ಲ. ಚುಚ್ಚಿದ ಕಡೆ ಗಂಟು, ಒಂದೆರಡು ದಿನ ಮೈಬಿಸಿ, ಊಟ ಸೇರದಿರುವುದು ಇವೆ, ಮುಚ್ಚಿಡುವುದೇಕೆ? ಎಲ್ಲೋ ಅಪರೂಪಕ್ಕೆ ಮುಖ ಊದುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ಸೂಜಿಯಾದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಮರದ ನೆರಳಲ್ಲೇ ಕೂತಿರಿ. ಜ್ವರ ಬಂದ ನಾಯಿಯನ್ನು ಕರೆದೊಯ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತಕ್ಕಡಿಯ ಒಂದು ಕಡೆ ಇಷ್ಟು.

ಇನ್ನೊಂದು ಕಡೆ? ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮನುಷ್ಯರಿಗೆ ಇದು ತಗಲುವುದು ಹೆಚ್ಚುಕಡಿಮೆ ಎಲ್ಲವೂ ನಾಯಿಯಿಂದಲೇ. ಸಿಕ್ಕಿಬೀಳುವವರಲ್ಲಿ ಮಕ್ಕಳೂ ಬಹಳ ಮಂದಿ. ಕುರಿ ಮಂದೆಯ ಜೊತೆ ಅಲೆಯುವ ನಾಯಿಗೆ ನರಿಯ ಜಗಳವೂ ಉಂಟು, ಹುಚ್ಚು ಹಿಡಿದರೆ ಕುರಿಗಳೂ ಉಳಿಯವು. ಅಣ್ಣನ ಲೆಕ್ಕದಲ್ಲಿ ಈ ಖರ್ಚು ಬಂದೇ ಇಲ್ಲ!

ನಾಯಿಗೆ ಮುದ್ದೆ ಹಾಕುವವರು ನಾವು. ಕಚ್ಚಿದರೆ ಮಗುವನ್ನು ಸೊಂಟಕ್ಕೇರಿಸಿ ಬಸ್ಸು ಹತ್ತುವವರೂ ನಾವು. ಸೂಜಿ ಬೇಕೋ ಬೇಡವೋ ಎನ್ನುವ ತೀರ್ಮಾನ ಮಾತ್ರ ಜಗಲಿಯ ಮೇಲೆ! ನಾನು ಕೇಳಲಿಲ್ಲ, ಕರಿಯನನ್ನು ಆಟೋದಲ್ಲಿ ಹಾಕಿಕೊಂಡು ಹೋದೆ.

ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಡಾಕ್ಟರು ಹೇಳಿದ ತಾರೀಖಿಗೆ. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಎಷ್ಟೋ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿಯೇ ಹಾಕುತ್ತಾರೆ. ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಡಾಕ್ಟರಿಗೆ ತೋರಿಸಿ. ಸುಣ್ಣ, ಖಾರದಪುಡಿ ಮೆತ್ತಬೇಡಿ.

ಕರಿಯ ಒಂದು ದಿನ ಮುದ್ದೆ ಮೂಸಲಿಲ್ಲ. ಮೂರನೆಯ ದಿನ ಅಣ್ಣನ ಬೈಕನ್ನೇ ಅಟ್ಟಿಸಿಕೊಂಡು ಹೋಯಿತು. ದೊಡ್ಡಮ್ಮ ಮಾತ್ರ ಈಗಲೂ, "ಮೊದ್ಲಿನಂಗಿಲ್ಲ ಬಿಡು" ಎನ್ನುತ್ತಾರೆ.