ಹಿಂಡಿ ಚೀಲಕ್ಕೂ ಪರೀಕ್ಷೆ ಬೇಕು

ಡೈರಿಗೆ ಹಾಲು ಹಾಕುವವರೇ, ಹಾಲು ಕೊಳ್ಳುವವರೇ,

ನಮ್ಮ ಹಾಲಿಗೆ ಎರಡು ಹೊತ್ತೂ ಪರೀಕ್ಷೆಯಿದೆ. ಫ್ಯಾಟ್ ಇಳಿದರೆ ದರ ಇಳಿಯುತ್ತದೆ, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಕಡಿಮೆಯಾದರೆ ಕ್ಯಾನು ವಾಪಸು. ಇದು ಸರಿಯೇ. ಆದರೆ ಆ ಹಾಲಾಗುವ ಹಿಂಡಿ, ಬೂಸಾ, ಫೀಡನ್ನು ಅಂಗಡಿಯಲ್ಲಿ ಪರೀಕ್ಷಿಸುವವರು ಯಾರು? ಬೀಜಕ್ಕೆ 1966ರ ಕಾಯ್ದೆಯಿದೆ, ಕೀಟನಾಶಕಕ್ಕೆ 1968ರದು, ಗೊಬ್ಬರಕ್ಕೆ 1985ರ ನಿಯಂತ್ರಣ ಆದೇಶ. ಪಶು ಆಹಾರಕ್ಕೆ ಅಂಥದೊಂದು ಕೇಂದ್ರ ಕಾಯ್ದೆ ಇಂದಿಗೂ ಇಲ್ಲ.

ಭತ್ತದ ಹೊಟ್ಟಿನ ಪುಡಿ, ಮರಳು ಬೆರೆಸಿದರೆ ನಷ್ಟ ನಮ್ಮ ಜೇಬಿಗೆ. ಯೂರಿಯಾ ಬೆರೆಸಿದರೆ ಪ್ರೋಟೀನ್ ಲೆಕ್ಕ ಕಾಗದದ ಮೇಲೆ ಏರುತ್ತದೆ, ಪ್ರಮಾಣ ಮೀರಿದರೆ ಹಸುವೇ ಸಾಯುತ್ತದೆ. ಬೂಷ್ಟಿನ ವಿಷಯ ಇನ್ನೂ ದೊಡ್ಡದು. ತೇವ ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹಸು ತಿಂದದ್ದರ ಒಂದು ಪಾಲು ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ದೇಶವ್ಯಾಪಿ ಸಮೀಕ್ಷೆಯಲ್ಲಿ ಪರೀಕ್ಷಿಸಿದ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ ಈ ವಿಷ ಮಿತಿ ಮೀರಿತ್ತು. ನಗರದ ತಾಯಂದಿರೇ, ನಿಮ್ಮ ಮಗುವಿನ ಲೋಟದ ಹಾಲಿಗೂ ಹಳ್ಳಿಯ ಫೀಡ್ ಅಂಗಡಿಗೂ ಇರುವ ನಂಟು ಇದು.

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಪಶು ಆಹಾರ ತಯಾರಿಸಿ ಮಾರುವವರಿಗೆ ಪರವಾನಗಿ ಕಡ್ಡಾಯವಾಗಲಿ ಎಂದು ಒಟ್ಟಾಗಿ ಒತ್ತಾಯಿಸೋಣ. ಅಂಗಡಿ, ಗೋದಾಮುಗಳಿಂದ ಮಾದರಿ ತೆಗೆಯಲಿ, ಫಲಿತಾಂಶವನ್ನು ಹಾಲು ಸಂಘದ ಗೋಡೆಯ ಮೇಲೆ ಹಾಕಲಿ. ಆದರೆ ಆ ಪರವಾನಗಿ ಸಣ್ಣವರ ಕೊರಳಿಗೆ ಬೀಳಕೂಡದು. ಎರಡು ಹಸು ಕಟ್ಟಿಕೊಂಡು, ಹೊಲದ ಜೋಳವನ್ನೇ ಬೀಸಿ ಮನೆಯಲ್ಲೇ ಮಿಶ್ರಣ ಮಾಡಿಕೊಳ್ಳುವವಳು ಕಚೇರಿ ಅಲೆಯುವಂತಾದರೆ, ಕೊನೆಗೆ ಉಳಿಯುವವರು ದೊಡ್ಡ ಕಂಪನಿಗಳು ಮಾತ್ರ. ಊರೊಳಗೇ ಮಾರುವ ಸ್ತ್ರೀಶಕ್ತಿ ಸಂಘಕ್ಕೆ ಉಚಿತ ನೋಂದಣಿ, ತಾಲ್ಲೂಕಿನಲ್ಲೇ ಅಗ್ಗದ ಪರೀಕ್ಷೆ ಸಾಕು. ನಿಯಮದ ಭಾರವನ್ನು ಲಾಭ ಎಣಿಸುವವರು ಹೊರಲಿ.

ಕಾನೂನು ಬರುವ ತನಕ ಕೊಳ್ಳುವಾಗ ಬಿಲ್ ಕೇಳಿ. ಚೀಲದ ಮೇಲೆ ಐಎಸ್‌ಐ ಗುರುತು, ತಯಾರಾದ ದಿನಾಂಕ ನೋಡಿ. ಹಿಂಡಿಯನ್ನು ಮುರಿದು ಮೂಸಿ, ಕಮಟು ವಾಸನೆ ಬಂದರೆ ಹಿಂದಿರುಗಿಸಿ. ಅಂಗಡಿಯಲ್ಲಿ ಸಾಲ ಬಾಕಿಯಿದೆ ಎಂದು ಸುಮ್ಮನಿರಬೇಡಿ. ನಿಮ್ಮ ಹಾಲು ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಬರೆಸಿ, ಶಾಸಕರಿಗೂ ಪಶುಸಂಗೋಪನೆ ಇಲಾಖೆಗೂ ಕಳುಹಿಸಿ.